ಐದೂವರೆಯಿಂದ ಆರರವರೆಗೆ

ಮೇಷ್ಟರ ಮೀಸೆ ಮೇಲ್ದುಟಿಯನ್ನು ಪೂರ್ತಿ ಮುಚ್ಚಿತ್ತು. ಕೆಳದುಟಿಯೊಂದು ಮಾತ್ರ ಆಡುತ್ತಿರುವುದನ್ನು ನೋಡುತ್ತ ಅವಳು ತಲೆಯಾಡಿಸಿ, "ಹೌದು ಹೌದು, ತುಂಬಾ ಸಂತೋಷ" ಎಂದಳು. ನೂಲಿನ ಗಿರಣಿಯ ಮೊದಲ ಪಾಳಿ ಬಿಟ್ಟು, ಬಸ್ ನಿಲ್ದಾಣದಲ್ಲಿ ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದ ಹೊತ್ತು. ಮಗಳಿಗೆ ಗಿಟಾರ್ ಕಲಿಸುವ ಮೇಷ್ಟರು ತನ್ನನ್ನು ಕಂಡು ತಾವಾಗಿಯೇ ರಸ್ತೆ ದಾಟಿ ಬಂದಿದ್ದಾರೆಂದರೆ ಅದು ಹೊಗಳಿಕೆಯೇ ಇರಬೇಕೆಂದು ಅವಳು ಊಹಿಸಿಬಿಟ್ಟಿದ್ದಳು. ಊಹಿಸುವುದು ಈಗೀಗ ಉಸಿರಾಡಿದಷ್ಟು ಸಲೀಸಾಗಿತ್ತು. ಎದುರಿನವರ ಕಣ್ಣು, ಹುಬ್ಬು, ಕೈ, ನಿಂತ ಭಂಗಿ ಇಷ್ಟನ್ನು ನೋಡಿ ಒಂದು ವಾಕ್ಯ ಕಟ್ಟಿಕೊಂಡು ಅದಕ್ಕೆ ಉತ್ತರ ಕೊಟ್ಟುಬಿಡುವುದು; ಹತ್ತಕ್ಕೆ ಎಂಟು ಸಲ ಸರಿಹೋಗುತ್ತಿತ್ತು. ಈ ಸಲ ಮೇಷ್ಟರ ಹುಬ್ಬು ಗಂಟಾಯಿತು, ಅವರು ಅರ್ಧ ಹೆಜ್ಜೆ ಹಿಂದೆ ಸರಿದರು. ಉತ್ತರ ತಪ್ಪಿತೆಂದು ಅವಳಿಗೆ ತಿಳಿಯಿತು. "ಈ ಬಸ್ಸಿನ ಗಲಾಟೇಲಿ ಏನೂ ಕೇಳಿಸಲ್ಲ ನೋಡಿ ಮೇಷ್ಟ್ರೇ. ಇನ್ನೊಂದ್ಸಲ ಹೇಳಿ" ಎಂದು ನಕ್ಕಳು. ಬಸ್ಸು ಹೊರಟುಹೋಗಿ ಆಗಲೇ ಸ್ವಲ್ಪ ಹೊತ್ತಾಗಿತ್ತು. ಅವಳ ಬೆನ್ನ ಹಿಂದೆ ರಸ್ತೆ ಖಾಲಿಯಾಗಿ ಬಿದ್ದಿತ್ತು. ಅದನ್ನು ಅವಳು ತಿರುಗಿ ನೋಡಿದ್ದು ಆಮೇಲೆ.

ಮೇಷ್ಟರು ಎರಡು ಬೆರಳೆತ್ತಿದರು. ಪುಟ್ಟ ಮಕ್ಕಳಿಗೆ ಹೇಳುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ಎರಡು ತಿಂಗಳು. ನಿಮ್ಮ ಮಗಳು ಕ್ಲಾಸಿಗೆ ಬರದೆ ಎರಡು ತಿಂಗಳಾಯ್ತು. ಹುಷಾರಿಲ್ವಾ ಅಂತ ಕೇಳ್ದೆ."

ಪ್ರತಿ ಶನಿವಾರ ನಾಲ್ಕು ಗಂಟೆಗೆ ಮಗಳು ಚೋಟಿ ತನಗಿಂತ ದೊಡ್ಡದಾದ ಗಿಟಾರಿನ ಚೀಲವನ್ನು ಬೆನ್ನಿಗೇರಿಸಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ತಾಯಿಯ ಕಡೆ ಕೈಬೀಸಿ ಹೋಗುತ್ತಾಳೆ. ಐದೂಕಾಲಿಗೆ ಬಂದು ಕೈಕಾಲು ತೊಳೆಯುತ್ತಾಳೆ. ಮೊನ್ನೆ ಶನಿವಾರವೂ ಹೋಗಿದ್ದಳು. "ಸ್ವಲ್ಪ ಜ್ವರ ಇತ್ತು" ಎಂದಳು ತಾಯಿ. ಎರಡು ತಿಂಗಳ ಜ್ವರವೇ ಎಂದು ಮೇಷ್ಟರ ಕಣ್ಣು ಕೇಳಿತು. "ಬಂದು ಬಂದು ಹೋಗ್ತಾ ಇತ್ತು" ಎಂದು ಸೇರಿಸಿದಳು. ಮೇಷ್ಟರು ನಂಬಿದರೋ ಬಿಟ್ಟರೋ, ಪುಸ್ತಕದ ಕಟ್ಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಹೇಳತೊಡಗಿದರು. ಅವಳು ಆ ಕೆಳದುಟಿಯನ್ನೇ ಬಿಡದೆ ಹಿಡಿದುಕೊಂಡಳು. "ತುಂಬಾ ಒಳ್ಳೆ ಕಿವಿ ಅಮ್ಮ ಆ ಹುಡುಗೀದು. ಒಂದು ಕೂದಲೆಳೆ ಶ್ರುತಿ ತಪ್ಪಿದ್ರೂ ಮುಖ ಕಿವುಚ್ತಾಳೆ. ಆದ್ರೆ ತನ್ನ ಕಿವೀನ ತಾನೇ ನಂಬಲ್ಲ. ಸರಿ ಇದ್ಯಾ ಸರ್, ಸರಿ ಇದ್ಯಾ ಸರ್ ಅಂತ ಹತ್ತು ಸಲ ಕೇಳ್ತಾಳೆ. ಸರಿ ಇದೆ ಅಂದ್ರೂ ನನ್ನ ಮುಖಾನೇ ನೋಡ್ತಿರ್ತಾಳೆ. ಯಾರೋ ಚಿಕ್ಕಂದಿನಲ್ಲೇ ಹೆದರಿಸಿಟ್ಟಿರಬೇಕು." ಪಕ್ಕದಲ್ಲಿದ್ದ ಗಿರಣಿಯ ಹೆಂಗಸೊಬ್ಬಳು ಈ ಬಿಡಿಸಿ ಬಿಡಿಸಿ ಆಡುವ ಮಾತನ್ನು ಕಂಡು ಇಬ್ಬರ ಕಡೆಗೂ ನೋಡಿದಳು. "ಕಳಿಸ್ತೀನಿ ಮೇಷ್ಟ್ರೇ, ಈ ವಾರ ಖಂಡಿತ" ಎಂದು ಹೇಳಿ ಅವಳು ಬಸ್ಸಿಗೆ ಕಾಯದೆ ನಡೆದೇಬಿಟ್ಟಳು.

ಯಾರೋ. ಆ ಮಾತು ತುಟಿಯ ಮೇಲೆ ಬಂದದ್ದು ಅವಳಿಗೆ ಎಷ್ಟು ಸ್ಪಷ್ಟವಾಗಿ ಕಂಡಿತ್ತೆಂದರೆ, ಉಳಿದದ್ದೆಲ್ಲ ಊಹೆಯಾದರೂ ಅದೊಂದು ಊಹೆಯಲ್ಲ. ಬಟ್ಟೆಯಂಗಡಿಗಳ ಸಾಲು, ಗಡಿಯಾರ ರಿಪೇರಿಯವನ ಗಾಜಿನ ಪೆಟ್ಟಿಗೆ, ಮೇಲ್ಸೇತುವೆಯ ನೆರಳು ಇವೆಲ್ಲ ಹತ್ತಿಯೊಳಗೆ ಸುತ್ತಿಟ್ಟ ಹಾಗೆ ಮೆತ್ತಗೆ ಹಿಂದೆ ಸರಿದವು. ಹಿಂದಿನಿಂದ ಬಂದ ಸ್ಕೂಟರೊಂದು ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಸವಾರ ತಿರುಗಿ ಬಾಯಿ ತೆರೆದು ಏನೋ ಅಂದ. ಅವನ ಬಾಯನ್ನು ಓದುವುದು ಬೇಡವೆನಿಸಿ ಅವಳು ನೆಲ ನೋಡಿದಳು. ಗಿರಣಿಯೊಳಗೆ ಹೀಗಿಲ್ಲ. ಅಲ್ಲಿ ಎಲ್ಲರೂ ಒಂದೇ. ಸಾವಿರಾರು ಕದಿರು ಒಟ್ಟಿಗೆ ತಿರುಗುವ ಆ ಉದ್ದನೆಯ ಶೆಡ್ಡಿನಲ್ಲಿ ಮೊದಲ ದಿನ ಹೋದವಳಿಗೆ ಕಿವಿಯೊಳಗೆ ಯಾರೋ ಮರಳು ಸುರಿದ ಹಾಗಾಗಿತ್ತು. ವಾರದೊಳಗೆ ಪಕ್ಕದ ಸಾಲಿನವಳು ತುಟಿಯಾಡಿಸಿ ಹೇಳುವುದನ್ನು ಓದಲು ಕಲಿತಳು, ತಿಂಗಳೊಳಗೆ ನಾಲ್ಕು ಸಾಲಿನಾಚೆ ನಿಂತವಳ ಚಾಡಿಯನ್ನೂ ಓದತೊಡಗಿದಳು. ಮೇಸ್ತ್ರಿಯ ಬೆನ್ನ ಹಿಂದೆ ಅವನ ಕುತ್ತಿಗೆಯ ಬಗ್ಗೆ, ಅವನ ಹೆಂಡತಿಯ ಬಗ್ಗೆ ಸದ್ದಿಲ್ಲದೆ ಆಡಿಕೊಂಡು, ಸದ್ದಿಲ್ಲದೆ ಹೊಟ್ಟೆ ಹಿಡಿದು ನಗುತ್ತಿದ್ದರು. ಹದಿನೇಳು ವರ್ಷ. ಕಿವಿಗಿಟ್ಟುಕೊಳ್ಳಲು ಕಂಪನಿ ಕೊಟ್ಟ ರಬ್ಬರಿನ ಬಿರಡೆಗಳು ಬೆವರಿಗೆ ಜಾರುತ್ತವೆಂದು ಅವಳು ಅವನ್ನು ಮೇಲಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದಳು. ಕಡಿದ ಎಳೆಯನ್ನು ಹೊಸೆದು ಸೇರಿಸಲು ಕಣ್ಣು, ಬೆರಳು ಸಾಕು; ಕಿವಿಯ ಕೆಲಸ ಅಲ್ಲೇನಿದೆ. ಮನೆಯಲ್ಲಿ ಗಂಡ ಎರಡು ಸಲ ಕರೆದರೂ ಓಗೊಡದಿದ್ದಾಗ, ಔಷಧಿ ಅಂಗಡಿಯ ಕೌಂಟರಿನ ಹಿಂದೆ ದಿನವಿಡೀ ಜನರ ಕೆಮ್ಮು ಕೇಳಿ ಬರುವ ಆ ಮನುಷ್ಯ, "ಏನೇ, ಗಿರಣಿಯ ಹತ್ತೀನೆಲ್ಲ ಕಿವೀಲಿ ತುಂಬ್ಕೊಂಡು ಬಂದಿದ್ದೀಯಾ" ಎಂದು ನಗುತ್ತಿದ್ದ. ಅವನ ತುಟಿಯಿಂದ ಅದನ್ನು ಓದಿಕೊಂಡು ಅವಳೂ ನಗುತ್ತಿದ್ದಳು.

ಮೊದಲು ಹೋದದ್ದು ಕರೆಗಂಟೆ. ಆಮೇಲೆ ಬೆಳಗಿನ ಹಕ್ಕಿಗಳು. ಅವು ಊರು ಬಿಟ್ಟು ಹೋಗಿವೆಯೆಂದೇ ಅವಳು ಬಹಳ ದಿನ ತಿಳಿದಿದ್ದಳು. ಆಮೇಲೆ ಗಿಟಾರಿನ ತೆಳುವಾದ ತಂತಿ. ದಪ್ಪ ತಂತಿಗಳು ಮರಕ್ಕೆ ಮೈ ತಾಗಿಸಿದರೆ ಈಗಲೂ ದೂರದಲ್ಲಿ ಯಾರೋ ಚೀಲ ಇಳಿಸಿದ ಹಾಗೆ ಕೇಳುತ್ತವೆ. ತೆಳುವಿನದು ಮಾತ್ರ ಉಗುರಿನಿಂದ ಬಟ್ಟೆ ಕೆರೆದಷ್ಟಾಗಿ, ಒಂದು ದಿನ ಅದೂ ಇಲ್ಲವಾಯಿತು. ಅದು ಅಣ್ಣನ ಗಿಟಾರ್. ಬೇರೆ ಊರಿಗೆ ಕೆಲಸಕ್ಕೆ ಹೋಗುವಾಗ ಅವಳಿಗೆ ಕೊಟ್ಟು ಹೋಗಿದ್ದ. ಕಟ್ಟಡದ ಮೆಟ್ಟಿಲ ಮೇಲೆ ಅವನ ಮಂಡಿಗೆ ಮಂಡಿ ತಾಗಿಸಿ ಕುಳಿತು ಅವಳು ಕಲಿತದ್ದು. ಗಿಟಾರಿನ ಕತ್ತಿನ ಮೇಲಿನ ಐದನೆಯ ಮನೆಯಲ್ಲಿ ತಂತಿ ಒತ್ತಿ ಮೀಟು, ಪಕ್ಕದ ತಂತಿಯನ್ನೂ ಮೀಟು, ಎರಡೂ ಜಗಳವಾಡ್ತವೆ ನೋಡು, ವಂಯ್ ವಂಯ್ ಅಂತ. ಜಗಳ ನಿಲ್ಲೋವರೆಗೂ ತಿರುಗಿಸು, ಅನ್ನುತ್ತಿದ್ದ. ಜಗಳ ನಿಂತ ಆ ಗಳಿಗೆಯಲ್ಲಿ ಮೈಯೆಲ್ಲ ಒಂದು ನಿಮಿಷ ತಣ್ಣಗಾಗುತ್ತಿತ್ತು. ಒಂದು ಮಧ್ಯಾಹ್ನ ಅಣ್ಣ ಕಣ್ಣು ಮುಚ್ಚಿಕೊಂಡು, "ನಿನ್ನ ಕಿವಿ ನನ್ನದಕ್ಕಿಂತ ಚುರುಕು ಕಣೇ" ಎಂದಿದ್ದ. ಅಷ್ಟೇ. ಆ ಒಂದು ಮಾತನ್ನು ಅವಳು ಎಷ್ಟು ವರ್ಷ ತಿಂದು ಬದುಕಿದಳೆಂದರೆ, ಕಿವಿ ಹೋದ ಮೇಲೂ ಆ ಮಾತು ಹೋಗಿರಲಿಲ್ಲ. ಚೋಟಿಗೆ ಎಂಟು ತುಂಬಿದಾಗ ಬೀರುವಿನ ಮೇಲಿನ ಚೀಲ ಬಿಚ್ಚಿ, ಧೂಳು ಒರೆಸಿ, "ಬಾ, ನಾನು ಕಲಿಸ್ತೀನಿ" ಎಂದವಳು ಅವಳೇ. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಚೋಟಿ. ಈಗಲೂ ಅದೇ ಅಳತೆ. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಂತಿಯ ಮೇಲಿಟ್ಟು, ಗಟ್ಟಿಯಾಗಿ ಒತ್ತು, ನೋಯುತ್ತೆ, ನೋಯ್ಲಿ, ಹತ್ತು ದಿನದಲ್ಲಿ ತುದಿ ಗಟ್ಟಿಯಾಗುತ್ತೆ, ಎಂದು ಹೇಳಿಕೊಟ್ಟಳು. ಬೆರಳುಗಳನ್ನು ಕಣ್ಣಿನಿಂದ ತಿದ್ದಬಹುದು. ಬೆರಳು ಸರಿಯಾಗಿದ್ದರೆ ಸ್ವರವೂ ಸರಿಯಿರುತ್ತದೆ ಎಂದು ಅವಳು ತನಗೆ ತಾನೇ ಒಂದು ನಿಯಮ ಮಾಡಿಕೊಂಡಿದ್ದಳು. ಅದು ನಿಜವಾಗಬೇಕಾದರೆ ತಂತಿಗಳು ಮೊದಲೇ ಶ್ರುತಿಯಲ್ಲಿರಬೇಕು. ಅಲ್ಲಿಗೆ ಬಂದಾಗಲೆಲ್ಲ ಅವಳ ಯೋಚನೆ ನಿಂತುಬಿಡುತ್ತಿತ್ತು.

ಮನೆ ತಲುಪಿ ಬೀಗ ತೆಗೆದು ಒಳಗೆ ಬಂದು, ಕೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನು ಕನ್ನಡಿಯ ಮುಂದೆ ಬಿಡಿಸತೊಡಗಿದಳು. ಮಗಳು ಶಾಲೆಯಿಂದ ಬರಲು ಇನ್ನೂ ಒಂದು ಗಂಟೆಯಿತ್ತು. ಗಿಟಾರ್ ಗೋಡೆಗೊರಗಿ ನಿಂತಿತ್ತು, ಅದರ ಹೊಟ್ಟೆಯ ತೂತು ಅವಳ ಕಡೆಗೇ ತಿರುಗಿತ್ತು. ಮಗಳು ಶಾಲೆಯಲ್ಲಿ ನುಡಿಸಬೇಕಿದ್ದ ಕಾರ್ಯಕ್ರಮದ ಬೆಳಿಗ್ಗೆಯೂ ಅದು ಹೀಗೇ ನಿಂತಿತ್ತು. ಚೋಟಿ ಹೊಸ ಲಂಗ ಹಾಕಿಕೊಂಡು, ತಂತಿಗಳನ್ನು ಒಂದೊಂದಾಗಿ ಮೀಟಿ, ಮೂಗು ಸುಕ್ಕಿಸಿ, "ಅಮ್ಮ, ಇವೆರಡು ಯಾಕೋ ಸೊಟ್ಟ ಅನ್ಸುತ್ತೆ" ಎಂದಿದ್ದಳು. ಅವಳು ಗಿಟಾರನ್ನು ತೆಗೆದುಕೊಂಡು, ಬಿರಡೆ ತಿರುಗಿಸಿ, ಮರಕ್ಕೆ ಗದ್ದವೊತ್ತಿ ಹಿಡಿದು, ಮೀಟಿ, ಕಣ್ಣು ಮುಚ್ಚಿದಳು. ಗದ್ದದ ಮೂಳೆಗೆ ದಪ್ಪ ತಂತಿಗಳ ನಡುಕ ಬಂತು. ತೆಳುವಿನ ಎರಡಕ್ಕೆ ಏನೂ ಬರಲಿಲ್ಲ. ಇನ್ನೊಂದಿಷ್ಟು ತಿರುಗಿಸಿದಳು, ಕೈ ನೆನಪಿಟ್ಟುಕೊಂಡಿರುವಷ್ಟು. "ಈಗ ಸರಿ ಇದೆ." "ಇಲ್ಲಮ್ಮ, ಇನ್ನೂ ಸೊಟ್ಟ ಆಯ್ತು." ಆಗ ತನ್ನೊಳಗೆ ಎದ್ದದ್ದು ಏನು ಎಂದು ಅವಳು ಎಷ್ಟೋ ಸಲ ಹುಡುಕಿದ್ದಾಳೆ. ಸಿಟ್ಟಲ್ಲ. ಸಿಟ್ಟಿನ ವೇಷ ಹಾಕಿಕೊಂಡ ಹೆದರಿಕೆ. "ನಿನ್ನ ಕಿವಿಗೆ ಏನು ಗೊತ್ತೇ? ನಾನು ನಿನ್ನಷ್ಟಿದ್ದಾಗಿಂದ ಶ್ರುತಿ ಮಾಡ್ತಾ ಇದ್ದೀನಿ. ನಿನಗೆ ಇನ್ನೂ ಕಿವಿ ಬಂದಿಲ್ಲ. ಸರಿ ಇದೆ ಅಂದ್ರೆ ಸರಿ ಇದೆ." ಚೋಟಿ ಗಿಟಾರನ್ನು ಮತ್ತೆ ಮೀಟಲಿಲ್ಲ. ಹಿಂದಿನ ವಾರ ಶಾಲೆಯ ಹಾಡಿನ ಟೀಚರ್, ಗಿಟಾರಿನ ತಲೆಗೆ ಸಿಕ್ಕಿಸಿದರೆ ಶ್ರುತಿ ತೋರಿಸುವ ಸಣ್ಣ ಯಂತ್ರ ಬರುತ್ತದೆ, ಬೇಕಾದರೆ ತರಿಸಿಕೊಡುತ್ತೇನೆ ಎಂದಿದ್ದರು. ಕಿವಿ ಇರೋವ್ರಿಗೆ ಅದೆಲ್ಲ ಯಾಕೆ ಎಂದು ಹೇಳಿ ಕಳಿಸಿದವಳೂ ಅವಳೇ.

ಸಭಾಂಗಣದಲ್ಲಿ ಮೂರನೆಯ ಸಾಲು. ವೇದಿಕೆಯ ಮೇಲೆ ಮಗಳು ಪುಟ್ಟ ಕುರ್ಚಿಯಲ್ಲಿ ಕುಳಿತು ಬೆರಳುಗಳನ್ನು ಒಂದೂ ತಪ್ಪದ ಹಾಗೆ ಇಟ್ಟಳು. ಎಷ್ಟು ಚೆನ್ನಾದ ಬೆರಳುಗಳು. ಅಕ್ಕಪಕ್ಕದವರ ಮುಖದಲ್ಲಿ ನಗೆ ಅರಳಿದ್ದು ಕಂಡು ಅವಳಿಗೆ ಎದೆ ತುಂಬಿ ಬಂತು. ಮುಗಿಯುವ ಮೊದಲೇ, ಎಲ್ಲರಿಗಿಂತ ಮೊದಲು, ಜೋರಾಗಿ ಚಪ್ಪಾಳೆ ತಟ್ಟಿದಳು. ತಟ್ಟುತ್ತಲೇ ತಿರುಗಿ ನೋಡಿದಾಗ ಆ ಬದಿಯ ಕೊನೆಯಲ್ಲಿ, ಮಾತು ಕೇಳಿಸಲು ಸಾಧ್ಯವೇ ಇಲ್ಲದಷ್ಟು ದೂರದಲ್ಲಿ, ಇಬ್ಬರು ಹೆಂಗಸರು ತಲೆಗೆ ತಲೆ ತಂದುಕೊಂಡಿದ್ದರು. ಅವರು ಪಿಸುಗುಟ್ಟುತ್ತಿದ್ದಿರಬೇಕು. ಅವಳಿಗೆ ಪಿಸುಮಾತೂ ಕೂಗೂ ಒಂದೇ. "ಶ್ರುತೀನೇ ಇಲ್ಲ, ಪಾಪ. ಬೆಕ್ಕಿನ ಬಾಲ ತುಳಿದ ಹಾಗಿತ್ತು." "ತಾಯೀನೇ ಕಲಿಸಿದ್ದಂತೆ." "ಅದಕ್ಕೇ ಹಾಗೆ ಚಪ್ಪಾಳೆ." ನೂರಾರು ಜನ ಕೇಳಿಸಿಕೊಂಡದ್ದನ್ನು ಕೇಳಿಸಿಕೊಳ್ಳಲಾರದವಳು, ಯಾರಿಗೂ ಕೇಳಿಸದ್ದನ್ನು ಓದಿಕೊಂಡು, ಎರಡೂ ಅಂಗೈಗಳನ್ನು ಮಡಿಲಲ್ಲಿ ಮಡಚಿಟ್ಟಳು. ವೇದಿಕೆಯ ಮೇಲೆ ಚೋಟಿ ಎದ್ದು ನಿಂತು ಯಾರನ್ನೂ ನೋಡದೆ ತಾಯಿಯನ್ನು ಮಾತ್ರ ನೋಡುತ್ತಿದ್ದಳು. ಅವಳು ತಲೆಯಾಡಿಸಿದಳು, ಚೆನ್ನಾಗಿತ್ತು ಎಂದು. ಆ ಪಿಸುಮಾತು ಓದಿಕೊಂಡ ಮೇಲೂ ಹಾಗೆಯೇ ತಲೆಯಾಡಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಒಂದು ಸಲ ಅವಳ ಭುಜ ಅಲುಗಿತು, ಗಾಜಿನ ಮೇಲೆ ಬಾಯಿಯ ಹಬೆ ಮೂಡಿ ಆರಿತು. ಏನೋ ಹೇಳಿದಳು, ಬಹುಶಃ ಏನೋ ಕೇಳಿದಳು. ತಾಯಿ, "ಹೂಂ" ಎಂದಳು. ಯಾವ ಮಾತಿಗೆ ಹೂಂ ಎಂದೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಆ ರಾತ್ರಿ ಗಂಡನಿಗೆ, "ಇವಳನ್ನ ಒಳ್ಳೆ ಮೇಷ್ಟ್ರ ಹತ್ರ ಸೇರಿಸೋಣ ರೀ, ನನಗೆ ಪಾಳಿ ಮುಗಿಸಿ ಬಂದು ಆಗಲ್ಲ" ಎಂದಷ್ಟೇ ಹೇಳಿದ್ದಳು. ಗಿರಣಿಯಲ್ಲಿ ವರ್ಷಕ್ಕೊಮ್ಮೆ ಕಿವಿ ನೋಡಲು ಬರುವ ಹುಡುಗಿ ಕಿವಿಗೆ ಮುಚ್ಚಳ ಹಾಕಿ, ಶಬ್ದ ಕೇಳಿದಾಗ ಕೈಯೆತ್ತಿ ಎನ್ನುತ್ತಾಳೆ. ಅವಳ ಹಿಂದಿನ ಬೀರುವಿನ ಗಾಜಿನಲ್ಲಿ ಅವಳು ಗುಂಡಿಯೊತ್ತುವ ಹೆಬ್ಬೆರಳು ಕಾಣುತ್ತದೆ. ಹೆಬ್ಬೆರಳು ಬಾಗಿದಾಗಲೆಲ್ಲ ಇವಳು ಕೈಯೆತ್ತುತ್ತಾಳೆ. ಮೂರು ವರ್ಷದಿಂದ ಹೀಗೇ ಪಾಸಾಗಿದ್ದಾಳೆ. ಗೊತ್ತಾದರೆ ಗೋದಾಮಿಗೆ ಹಾಕುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ಆದರೆ ಅವಳು ಹೆದರಿದ್ದು ಅದಕ್ಕಲ್ಲ. ಅವಳ ಅಮ್ಮ ಕೊನೆಗಾಲದಲ್ಲಿ ಕಿವುಡಿಯಾಗಿದ್ದಳು. ಎಲ್ಲರೂ ಕುಳಿತು ನಗುತ್ತಿರುವಾಗ, ಏನಂತೆ, ಏನಂತೆ ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಇವಳು ಆಗ ಹದಿನೆಂಟರ ಹುಡುಗಿ, ಎರಡು ಸಲ ಹೇಳುವಷ್ಟು ತಾಳ್ಮೆಯಿಲ್ಲದೆ, "ಏನಿಲ್ಲ ಬಿಡಮ್ಮ" ಎಂದುಬಿಡುತ್ತಿದ್ದಳು. ಅಮ್ಮ ಆಮೇಲೆ ಕೇಳುವುದನ್ನೇ ಬಿಟ್ಟು, ಎಲ್ಲರೂ ನಕ್ಕಾಗ ತಾನೂ ನಗತೊಡಗಿದಳು, ಒಂದು ಕ್ಷಣ ತಡವಾಗಿ. ಆ ತಡವಾದ ನಗು ಇವಳಿಗೆ ಅಸಹ್ಯವಾಗುತ್ತಿತ್ತು. ಕಾರ್ಯಕ್ರಮ ಆದ ಮೇಲೆ ಯಾವತ್ತೋ ಒಂದು ದಿನ, ಮಗಳು ಹೇಳಿದ್ದು ತಿಳಿಯದೆ ಅವಳು ಮತ್ತೆ ಕೇಳಿದಾಗ, ಚೋಟಿ ಪುಸ್ತಕದಿಂದ ತಲೆಯೆತ್ತಿ, "ಏನಿಲ್ಲ ಬಿಡಮ್ಮ" ಎಂದಳು. ಮಗುವಿನ ಮುಖದಲ್ಲಿ ಅಸಹ್ಯವಿರಲಿಲ್ಲ. ಕರುಣೆ ಇತ್ತು. ಅದು ಇನ್ನೂ ಕಷ್ಟವಾಯಿತು. ಆಮೇಲೆ ನೋಡಿದರೆ ಚೋಟಿ ತಾಯಿಯ ಜೊತೆ ಮಾತಾಡುವಾಗ ಬೆಳಕಿಗೆ ಮುಖ ಮಾಡಿ, ಗದ್ದ ಎತ್ತಿ, ತುಟಿ ಬಿಡಿಸಿ ಮಾತಾಡುತ್ತಿದ್ದಳು. ಅಪ್ಪ ಎಂದರೂ ಅಮ್ಮ ಎಂದರೂ ತುಟಿ ಕೂಡುವ ರೀತಿ ಒಂದೇ. ಯಾರನ್ನು ಕರೆದಳೆಂದು ತಾಯಿ ಇಬ್ಬರ ಕಡೆಗೂ ನೋಡುವುದನ್ನು ಕಂಡುಕೊಂಡು, ಅಮ್ಮ ಎನ್ನುವಾಗ ಮೊದಲು ಬೆರಳಿನಿಂದ ಅವಳ ಕೈ ಮುಟ್ಟತೊಡಗಿದಳು. ಇದನ್ನೆಲ್ಲ ಗಮನಿಸಿಯೂ ಅವಳು ಗಮನಿಸದವಳ ಹಾಗೆ ಇದ್ದಳು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ನಡೆದುಕೊಳ್ಳುವುದೇ ಮನೆಯ ರೂಢಿಯಾಯಿತು. ಮೇಷ್ಟರ ಕ್ಲಾಸು ಶುರುವಾದರೂ ಐದೂವರೆಯಿಂದ ಆರರವರೆಗಿನ ಅರ್ಧ ಗಂಟೆಯ ಅಭ್ಯಾಸವನ್ನು ಮಾತ್ರ ಅವಳು ಬಿಡಲಿಲ್ಲ. ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಕುಳಿತು ಬೆರಳು ನೋಡುವುದು, ಮುಗಿದ ಮೇಲೆ, ಚೆನ್ನಾಗಿತ್ತು ಎನ್ನುವುದು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅವಳು ತಾಯಿಯಾಗಿರುತ್ತಿದ್ದದ್ದು ಆ ಅರ್ಧ ಗಂಟೆಯಲ್ಲಿ ಮಾತ್ರ ಎಂದು ಅವಳಿಗೆ ಅನಿಸುತ್ತಿತ್ತು.

ಚೋಟಿ ಬಂದಳು. ಚೀಲ ಎಸೆದಳು, ಹಾಲು ಕುಡಿದಳು, ಮೇಲ್ದುಟಿಯ ಮೇಲಿನ ಬಿಳಿ ಗೆರೆಯನ್ನು ತೋಳಿಗೆ ಒರೆಸಿಕೊಂಡಳು. ಶನಿವಾರ ಎಲ್ಲಿಗೆ ಹೋಗ್ತೀಯೇ ಎಂಬ ಪ್ರಶ್ನೆಯನ್ನು ತಾಯಿ ಬಾಯೊಳಗೆ ಹೊರಳಿಸಿ ಹೊರಳಿಸಿ ನುಂಗಿದಳು. ಸುಳ್ಳು ಹೇಳಿದವಳನ್ನು ಹಿಡಿಯಲು ತನಗೆ ಯಾವ ಬಾಯಿದೆ ಎನಿಸಿತು. ಐದೂವರೆಗೆ ಮಗಳು ತಾನಾಗಿಯೇ ಮೋಟು ಸ್ಟೂಲಿನ ಮೇಲೆ ಕುಳಿತು ಗಿಟಾರನ್ನು ತೊಡೆಯ ಮೇಲೆಳೆದುಕೊಂಡಳು. ಕಿಟಕಿಯಿಂದ ಬಂದ ಬಿಸಿಲು ತಂತಿಗಳ ಮೇಲೆ ಬಿದ್ದಿತ್ತು. ಬೆರಳುಗಳು ಒಂದು ಹಿಡಿತದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನೀರಿನಲ್ಲಿ ಮೀನು ತಿರುಗಿದ ಹಾಗೆ ಸಲೀಸಾಗಿ ಹೋಗುತ್ತಿದ್ದವು. ಬಲಗೈ ಮೇಲೆ ಕೆಳಗೆ ಆಡುತ್ತಿತ್ತು. ಎರಡು ತಿಂಗಳು ಕ್ಲಾಸಿಗೆ ಹೋಗದವಳ ಬೆರಳು ಇವಲ್ಲ. ಅವಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಬಿಸಿಲಿಗೆ ಹೊಳೆಯುತ್ತಿದ್ದ ತಂತಿಗಳ ಗೆರೆ ಚೂರೂ ಮಸುಕಾಗುತ್ತಿರಲಿಲ್ಲ. ಮೀಟಿದ ತಂತಿ ಅಗಲವಾಗಿ ಮಸುಕಾಗಿ ಕಾಣಬೇಕು. ಇವು ಮಗ್ಗಕ್ಕೆ ಕಟ್ಟಿದ ನೂಲಿನ ಹಾಗೆ ನೆಟ್ಟಗಿದ್ದವು. ಇದನ್ನು ತಾನು ಇಷ್ಟು ದಿನ ಯಾಕೆ ನೋಡಲಿಲ್ಲ, ಬೆರಳು ಬಿಟ್ಟು ಬೇರೇನನ್ನೂ ಯಾಕೆ ನೋಡಲಿಲ್ಲ. ಎದ್ದು ಹೋಗಿ ಮಗಳ ಪಕ್ಕದಲ್ಲಿ ನೆಲಕ್ಕೆ ಮಂಡಿಯೂರಿ ಗಿಟಾರಿನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಮರ ಗೋಡೆಯ ಹಾಗೆ ತಣ್ಣಗೆ, ಅಲುಗದೆ ಇತ್ತು. ಚೋಟಿಯ ಬಲಗೈ ಬೆರಳುಗಳು ತಂತಿಯಿಂದ ಅಕ್ಕಿಕಾಳಿನಷ್ಟು ದೂರದಲ್ಲಿ, ಗಾಳಿಯನ್ನು ಮೀಟುತ್ತಿದ್ದವು. ಆಮೇಲೆ ಅವೂ ನಿಂತವು.

"ಯಾಕೆ?" ಎಂದಳು ತಾಯಿ.

ಚೋಟಿ ಬಾಗಿಲ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು. ಆಮೇಲೆ ಯಾವತ್ತಿನ ಹಾಗೆ ಗದ್ದ ಎತ್ತಿ ಮುಖವನ್ನು ಬೆಳಕಿಗೆ ತಂದುಕೊಂಡಳು.

"ನುಡಿಸಿದ್ರೆ ನನಗೊಬ್ಬಳಿಗೇ ಕೇಳುತ್ತಮ್ಮ. ನಿನಗೆ ಕೇಳಲ್ಲ. ನೀನು ಎದುರಿಗೇ ಕೂತಿರ್ತೀಯ. ನನಗೆ ಒಂಥರಾ ಆಗುತ್ತೆ."

"ಯಾವಾಗಿಂದ ಗೊತ್ತು ನಿನಗೆ?"

"ಶಾಲೇಲಿ ನುಡಿಸಿದ್ನಲ್ಲ, ಅದಾದ್ಮೇಲೆ. ಒಂದಿನ ಬೇಕಂತಲೇ ತಪ್ಪುತಪ್ಪು ನುಡಿಸ್ದೆ. ಎಲ್ಲಾ ತಪ್ಪು. ನೀನು ಇವತ್ತು ತುಂಬಾ ಚೆನ್ನಾಗಿತ್ತು ಅಂದೆ."

ಅದು ಯಾವ ದಿನ ಎಂದು ಅವಳು ನೆನಪಿಸಿಕೊಳ್ಳಲು ನೋಡಿದಳು. ಎಲ್ಲ ದಿನಗಳೂ ಒಂದೇ ಥರ ಇದ್ದವು, ಎಲ್ಲ ದಿನವೂ ಅವಳು ಚೆನ್ನಾಗಿತ್ತು ಎಂದಿದ್ದಳು.

"ಮೇಷ್ಟ್ರು ಸಿಕ್ಕಿದ್ರು" ಎಂದಳು. ಮಗಳು ಬೆಚ್ಚಲಿಲ್ಲ, ಭುಜಗಳು ಮಾತ್ರ ಸ್ವಲ್ಪ ಇಳಿದವು, ಹೊತ್ತ ಚೀಲ ಇಳಿಸಿದವರ ಹಾಗೆ. "ಶನಿವಾರ ಎಲ್ಲಿರ್ತೀಯ ಮರಿ?"

"ಅಲ್ಲೇ. ಕ್ಲಾಸಿನ ಹಿಂಬದಿ ಮೆಟ್ಟಿಲ ಮೇಲೆ ಕೂತಿರ್ತೀನಿ. ಒಳಗಡೆ ಅವರೆಲ್ಲ ನುಡಿಸೋದು ಕೇಳುತ್ತೆ. ಕೇಳಿ ಕಲ್ಕೋತೀನಿ."

"ಒಳಗೆ ಹೋಗೋಕೆ ಏನಾಗಿತ್ತು?"

ಚೋಟಿ ತಂತಿಗಳ ಕಡೆ ಮುಖ ಬಗ್ಗಿಸಿದಳು. ಮತ್ತೆ ಮುಖವೆತ್ತಿದಾಗ ತುಟಿ ನಡುಗುತ್ತಿದ್ದುದರಿಂದ ಓದಲು ಕಷ್ಟವಾಯಿತು. ತಾಯಿ ಅವಳ ಗದ್ದವನ್ನು ಹಿಡಿದುಕೊಂಡಳು. "ಒಳಗೆ ಹೋದ್ರೆ ನುಡಿಸ್ಬೇಕು. ನುಡಿಸಿದ್ರೆ ಸರ್ ಚೆನ್ನಾಗಿದೆ ಅಂತಾರೆ. ಅದು ನಿಜಾನೋ ಸುಳ್ಳೋ ನನಗೆ ಗೊತ್ತಾಗಲ್ಲ. ನೀನೂ ಹಂಗೇ ಅಂತಿದ್ದೆ."

"ಮತ್ತೆ ಇಲ್ಲಿ ದಿನಾ ಯಾಕೆ ಕೂತ್ಕೋತೀಯ?"

"ನೀನು ಬಂದು ಕೂತ್ಕೋತೀಯಲ್ಲ" ಎಂದಳು ಚೋಟಿ. ಅದರಲ್ಲಿ ಕೇಳುವಂಥದ್ದೇನಿದೆ ಎಂಬ ಹಾಗೆ.

ಇಷ್ಟು ದಿನ ಎದುರಿಗೆ ಕುಳಿತು ಸುಳ್ಳು ಹೇಳುತ್ತಿದ್ದವಳು ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು. ಹತ್ತು ವರ್ಷದ ಮಗು ಪಾಳಿಗೆ ಹೋಗುವವರ ಹಾಗೆ ದಿನಾ ಐದೂವರೆಗೆ ಬಂದು, ತಾಯಿಗಾಗಿ ಅರ್ಧ ಗಂಟೆ ಗಾಳಿ ಮೀಟಿ, ಚೆನ್ನಾಗಿತ್ತು ಎನ್ನಿಸಿಕೊಂಡು ಎದ್ದುಹೋಗುತ್ತಿತ್ತು. ಅವಳಿಗೆ ಅಳು ಬರಲಿಲ್ಲ. "ಚೋಟಿ, ಆವತ್ತು ಬೆಳಿಗ್ಗೆ ಶ್ರುತಿ ತಪ್ಪಿತ್ತು. ಎರಡೂ ತಂತಿ ಸೊಟ್ಟ ಇತ್ತು. ನಿನ್ನ ಕಿವೀನೇ ಸರಿ. ಕೆಟ್ಟಿದ್ದು ನನ್ನ ಕಿವಿ. ಗೊತ್ತಿದ್ದೂ ನಿನ್ನದೇ ತಪ್ಪು ಅಂದೆ." ಮಗಳ ಕಣ್ಣು ಪಕ್ಕದ ಮನೆಯ ಗೋಡೆಯ ಕಡೆ ಹೋಗಿ ಬಂತು. ತಾನು ಕಿರುಚುತ್ತಿದ್ದೇನೆಂದು ಅವಳಿಗೆ ಆಗ ತಿಳಿಯಿತು. ದನಿ ತಗ್ಗಿಸಿದಳು, ಎಷ್ಟು ತಗ್ಗಿತೋ ಅವಳಿಗೆ ತಿಳಿಯಲಿಲ್ಲ. "ಅಪ್ಪನಿಗೂ ಹೇಳಿಲ್ಲ. ಇವತ್ತು ಬಂದ್ಮೇಲೆ ಹೇಳ್ತೀನಿ."

ಪರವಾಗಿಲ್ಲ ಎಂದು ಚೋಟಿಯ ತುಟಿ ಹೇಳೀತೆಂದು ತಾಯಿ ಕಾದಳು, ಹೇಳಲಿಲ್ಲ. ಬದಲಿಗೆ ತಾಯಿಯ ಅಂಗೈಯನ್ನು ಎತ್ತಿ ಗಿಟಾರಿನ ಹೊಟ್ಟೆಯ ಮೇಲೆ, ತೂತಿನ ಪಕ್ಕ ಇಟ್ಟು, ಎಲ್ಲಕ್ಕಿಂತ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದಳು. ಮೊಣಕೈವರೆಗೆ ನಡುಕ ಹತ್ತಿತು.

"ಬಂತಾ?"

"ಬಂತು."

ಮುಂದಿನದು. "ಬಂತಾ?" "ಬಂತು." ಅದರ ಮುಂದಿನದು ಅಂಗೈಯಲ್ಲೇ ನಿಂತಿತು. "ಬಂತು, ಸ್ವಲ್ಪ." ನಾಲ್ಕನೆಯದು ಬೆರಳ ತುದಿಗೆ ಇರುವೆ ಹರಿದಷ್ಟು. ಐದನೆಯದಕ್ಕೆ ಅವಳು ಉಸಿರು ಬಿಗಿಹಿಡಿದು ಕಾದಳು. ಬಂದ ಹಾಗಾಯಿತು, ಬಾರದ ಹಾಗೂ ಆಯಿತು. ಬಂತು ಎಂದು ಹೇಳಲು ನಾಲಗೆ ಎದ್ದೇ ಇತ್ತು. "ಗೊತ್ತಾಗ್ಲಿಲ್ಲ" ಎಂದಳು. ಕೊನೆಯ ತೆಳುವಾದ ತಂತಿಯನ್ನು ಚೋಟಿ ಮೀಟಿದಳು. ಈಗ ತಂತಿ ಬಿಸಿಲಲ್ಲಿ ಮಸುಕಾಗಿ ನಡುಗಿದ್ದು ಕಣ್ಣಿಗೆ ಕಂಡಿತು. ಅಂಗೈಗೆ ಏನೂ ಬರಲಿಲ್ಲ.

"ಬಂತಾ?"

"ಇಲ್ಲ."

ಚೋಟಿ ಇನ್ನೂ ಜೋರಾಗಿ ಮೀಟಿದಳು. "ಈಗ?"

"ಇಲ್ಲ."

"ಈಗ?" ತಂತಿ ಹರಿದೀತೆನ್ನುವಷ್ಟು ಎಳೆದು ಬಿಟ್ಟಳು. ಮಗುವಿನ ಮೂಗಿನ ತುದಿ ಕೆಂಪಾಗಿತ್ತು, ಕೆನ್ನೆಯ ಮೇಲಿಂದ ನೀರಿಳಿದು ಗದ್ದದಿಂದ ಮರದ ಮೇಲೆ ಬಿತ್ತು. ಹೂಂ ಎನ್ನುವುದು ಎಷ್ಟು ಸುಲಭವಿತ್ತು. "ಇಲ್ಲ ಮರಿ" ಎಂದಳು ತಾಯಿ. "ಬರಲ್ಲ."

ಚೋಟಿ ತೋಳಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಲೆಯನ್ನು ಬಗ್ಗಿಸಿ ಕಿವಿಯನ್ನು ಮರದ ಹತ್ತಿರ ತಂದು, ಐದನೆಯ ಮನೆಯಲ್ಲಿ ಒತ್ತಿ ಮೀಟಿ, ಪಕ್ಕದ ತಂತಿಯನ್ನು ಮೀಟಿ, ಬಿರಡೆಯನ್ನು ಒಂದು ಚೂರು ತಿರುಗಿಸಿದಳು. ಮುಖ ಕಿವುಚಿದಳು. ಮತ್ತೊಂದು ಚೂರು. ತಾಯಿ ಆ ಮುಖವನ್ನೇ ನೋಡುತ್ತಿದ್ದಳು. ಜಗಳ ಯಾವಾಗ ನಿಂತಿತೆಂದು ಹುಬ್ಬು ಸಡಿಲವಾದದ್ದರಿಂದ ಗೊತ್ತಾಯಿತು. ಸರಿ ಇದೆಯೇ ಎಂದು ಕೇಳಲು ಚೋಟಿ ತಲೆಯೆತ್ತಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕೇಳಿ ಕಲಿತದ್ದಿರಬೇಕು, ಬೇರೆಯದೇ ಯಾವುದೋ ಒಂದನ್ನು ನಿಧಾನವಾಗಿ ನುಡಿಸತೊಡಗಿದಳು. ಅಂಗೈಯೊಳಗೆ ದಪ್ಪ ತಂತಿಗಳು ಅಲ್ಲೊಂದು ಇಲ್ಲೊಂದು ಹೆಜ್ಜೆಯಿಟ್ಟವು, ನಡುವೆ ಉದ್ದುದ್ದ ಖಾಲಿ ಜಾಗಗಳು. ಆ ಖಾಲಿ ಜಾಗಗಳಲ್ಲೇ ಹಾಡು ಇದ್ದಿರಬೇಕು. ಅವಳು ಇನ್ನಷ್ಟು ಗಟ್ಟಿಯಾಗಿ ಅಂಗೈಯನ್ನು ಒತ್ತಿದಳು.

ಚೋಟಿ ನುಡಿಸುವುದನ್ನು ನಿಲ್ಲಿಸಿದಳು. ಮೊದಲು ಬೆರಳಿನಿಂದ ತಾಯಿಯ ಕೈ ಮುಟ್ಟಿದಳು. ಆಮೇಲೆ ಗದ್ದ ಎತ್ತಿ, ಮುಖವನ್ನು ಬೆಳಕಿಗೆ ತಂದು, ನೋವಾಗದ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. "ಅಮ್ಮ, ಕೈ ತೆಗಿ. ನೀನು ಕೈ ಇಟ್ರೆ ಸದ್ದು ಸತ್ತೋಗುತ್ತೆ."

ಅವಳು ಕೈ ತೆಗೆದಳು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಮಂಡಿಯ ಮೇಲಿಟ್ಟುಕೊಂಡಳು. ಚೋಟಿ ಕಣ್ಣು ಮುಚ್ಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು.